ಮೈಕಮ್ಮನ ಜೇನುದನಿ

ಆ ಏಳು ಮಹಡಿಯ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಮೈಕಮ್ಮ ಎಂದೇ ಕರೆಯುತ್ತಿದ್ದರು. ಮೂಲೆಯ ಗಾಜಿನ ಗೂಡಿನಲ್ಲಿ ಕೂತು ‘ಬನ್ನಿ, ನಿಮಗಾಗಿಯೇ ಇಟ್ಟಿದ್ದೇವೆ’ ಎಂದು ಅವಳು ಮೈಕಿನಲ್ಲಿ ಅಂದರೆ ಸಾಕು, ದಾರಿ ಕೇಳಲು ಒಳಬಂದವನು ಫ್ರಿಜ್ ಹೊತ್ತುಕೊಂಡು ಹೋಗುತ್ತಿದ್ದ. ಬೋಳುತಲೆಯವರು ಬಾಚಣಿಗೆಗೆ ಜಗಳವಾಡಿದ್ದುಂಟು. ಆ ಬೀದಿಯಲ್ಲಿ ಹೊತ್ತೊಯ್ಯುತ್ತಿದ್ದ ಹೆಣ ಎದ್ದು ಕೂತು ಚಪ್ಪಲಿಯ ಬೆಲೆ ಕೇಳಿತು ಎನ್ನುವವರೂ ಇದ್ದಾರೆ. ಕೊಂಡಿತೋ ಇಲ್ಲವೋ ಯಾರೂ ಹೇಳುವುದಿಲ್ಲ.

ಅವಳ ಹುಟ್ಟುದನಿ ಬೇರೆ, ತಗಡಿನ ಮೇಲೆ ಮೊಳೆ ಎಳೆದಂಥದು. ಅವಳು ಕೆಲಸಕ್ಕೆ ಸೇರಿದ ವಾರವೇ ಮ್ಯಾನೇಜರ್ ಅದನ್ನು ಮುಚ್ಚಿಸಿದ್ದ. ‘ನಗ್ತಾ ಮಾತಾಡಮ್ಮ. ನಗು ಕಾಣದಿದ್ರೂ ಕೇಳುತ್ತೆ.’ ನಕ್ಕೂ ನಕ್ಕೂ ದವಡೆ ಹಾಗೆಯೇ ಕೂತುಬಿಟ್ಟಿತು. ಮನೆಯಲ್ಲೂ ಅದೇ ರಾಗ. ಅತ್ತೆ ಬಿಡುತ್ತಾರೆಯೇ? ‘ಏನೇ, ನೀರು ಕೊಡೋಕೂ ಆಫರ್ ಇದೆಯಾ? ಒಂದು ಲೋಟ ಕುಡಿದ್ರೆ ಇನ್ನೊಂದು ಪುಕ್ಕಟೆನಾ?’ ಮಗಳು ಪುಟ್ಟಿ ಮಾತ್ರ ಹುಟ್ಟಿದಾಗಿನಿಂದ ಕೇಳಿದ್ದು ಆ ಜೇನುದನಿಯೊಂದನ್ನೇ. ಅವಳ ಪಾಲಿಗೆ ಅಮ್ಮ ಅಂದರೆ ಅದೇ.

ಆಮೇಲೊಂದು ದಿನ ಮ್ಯಾನೇಜರ್ ಒಂದು ಯಂತ್ರ ತಂದು ಅದರ ಮುಂದೆ ಅವಳಿಂದ ಇಡೀ ನಿಘಂಟನ್ನೇ ಓದಿಸಿದ. ಓದು ಮುಗಿದದ್ದೇ ತಡ, ಯಂತ್ರ ಅವಳಂತೆಯೇ ಮಾತಾಡಿತು, ಉಸಿರಿನ ಸಮೇತ.

‘ನಾಳೆಯಿಂದ ಬಟ್ಟೆ ಮಡಚೋ ಕಡೆ ಹೋಗಮ್ಮ.’

‘ಮತ್ತೆ ನನ್ನ ದನಿ, ಸಾರ್?’

‘ಅದು ಇಲ್ಲೇ ಇರುತ್ತಲ್ಲ! ರಜೆ ಕೇಳಲ್ಲ, ಕೆಮ್ಮಲ್ಲ. ನಿನಗಿಂತ ವಾಸಿ.’

ಅತ್ತೆಗೆ ಮೈ ಹುಷಾರಿಲ್ಲದ ದಿನ ಪುಟ್ಟಿಯನ್ನೂ ಅಂಗಡಿಗೇ ಕರೆತಂದಳು. ಅಂಗಿಯೊಂದನ್ನು ಮಡಚಿ ತಿರುಗುವಷ್ಟರಲ್ಲಿ ಮಗು ನಾಪತ್ತೆ. ತಲೆಯ ಮೇಲಿನ ಸ್ಪೀಕರ್ ಉಲಿಯಿತು: ‘ಪುಟಾಣಿಗಳೇ, ಏಳನೇ ಮಹಡಿಗೆ ಬನ್ನಿ. ಆಟಿಕೆ ಹಿಡಿದು ಕಾಯುತ್ತಿದ್ದೇನೆ.’

ಮೈಕಮ್ಮ ಅಂಗಿ ಬಿಸುಟು ಮೆಟ್ಟಿಲಿನತ್ತ ಓಡಿದಳು. ಆಟಿಕೆಗಳನ್ನೆಲ್ಲ ಹಿಂದಿನ ದಿನವೇ ಕೆಳಗೆ ಸಾಗಿಸಿ, ಏಳನೇ ಮಹಡಿಯ ರಸ್ತೆ ಬದಿಯ ಗೋಡೆ ಒಡೆದುಹಾಕಿದ್ದರು. ಮುಂಚೆಯಾದರೆ ಇಂಥ ಬದಲಾವಣೆಯನ್ನು ಬಂದು ಅವಳ ಕಿವಿಗೆ ಹಾಕುತ್ತಿದ್ದರು. ಯಂತ್ರಕ್ಕೆ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಬಿದ್ದಂಬೀಳ ಮೆಟ್ಟಿಲು ಹತ್ತುತ್ತಾ, ಗಂಟಲು ಹರಿಯುವಂತೆ ಕಿರುಚಬೇಕೆಂದು ಬಾಯಿ ತೆರೆದಳು. ಹೊರಟದ್ದು ಅದೇ ಜೇನು: ‘ಪುಟ್ಟೀ, ಕೆಳಗೆ ಬಾ!’ ಗಿರಾಕಿಗಳು ಮುಗುಳ್ನಕ್ಕರು. ‘ಕೆಳಗಡೆ ಏನೋ ಹೊಸದು ಬಂದಿದೆಯಂತೆ, ನಡೀರಿ’ ಎಂದು ಒಬ್ಬಾಕೆ ಗಂಡನ ತೋಳು ಎಳೆದಳು. ಜನ ಹೊಳೆಯಾಗಿ ಇಳಿದರು. ಅವಳು ಎದುರು ಈಜಿದಳು.

ಮೇಲೆ ಸಿಮೆಂಟಿನ ಧೂಳು. ಗೋಡೆಯಿದ್ದಲ್ಲಿ ಪಟಪಟ ಬಡಿಯುವ ಪ್ಲಾಸ್ಟಿಕ್ ಹಾಳೆ, ಅದರಾಚೆ ಬರೀ ಆಕಾಶ. ಸ್ಪೀಕರ್ ಸರಿಯಾಗಿ ಆ ಅಂಚಿನ ಮೇಲೇ ತೂಗುತ್ತಿತ್ತು. ಅದರ ಕೆಳಗೇ ಪುಟ್ಟಿ, ಕತ್ತೆತ್ತಿಕೊಂಡು ನಿಂತಿದ್ದಳು. ಮೈಕಮ್ಮ ಓಡಿಹೋಗಿ ರಟ್ಟೆ ಹಿಡಿದಳು.

‘ಅಲ್ಲಿ ಯಾರೂ ಇಲ್ಲ ಕಣೇ! ನಾನು, ನಾನು ನಿನ್ನಮ್ಮ!’

ಪುಟ್ಟಿ ತಿರುಗಲಿಲ್ಲ. ತುಟಿಯ ಮೇಲೆ ಬೆರಳಿಟ್ಟಳು.

‘ಶ್! ಅಮ್ಮ ಮಾತಾಡ್ತಿದಾಳೆ.’

‘ಹತ್ತಿರ ಬನ್ನಿ’ ಎಂದಿತು ಮೇಲಿನ ದನಿ, ನಗುತ್ತಲೇ. ‘ಇನ್ನೂ ಹತ್ತಿರ.’ ಮೈಕಮ್ಮನ ಹಿಡಿತದಲ್ಲಿ ಆ ಪುಟ್ಟ ತೋಳು ಅಂಚಿನತ್ತ ಬಲವಾಗಿ ಜಗ್ಗಿತು.