ಹೂವೂ ಹಣ್ಣೂ ಇದ್ದ ಅಚ್ಚು

ಮೊದಲೇ ಹೇಳಿಬಿಡುತ್ತೇನೆ, ನನ್ನ ಕಾರ್ಡುಗಳು ಚೆನ್ನಾಗಿರುತ್ತವೆ. ವಿನಯ ತೋರಿಸುವುದಕ್ಕೆ ಊರಲ್ಲಿ ಬೇರೆ ಜನ ಇದ್ದಾರೆ. ಚಿಕ್ಕಮಗಳೂರಿನ ಶಾಲೆಯಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಟೀಚರಾಗಿ, ಎರಡು ಗುಡ್ಡ, ಮಧ್ಯೆ ಒಂದು ಸೂರ್ಯ, ಪಕ್ಕದಲ್ಲಿ ಒಂದು ಮನೆ ತಿದ್ದಿ ತಿದ್ದಿ ಸಾಕಾಗಿ ಹೋದವಳು ನಾನು. ರಿಟೈರಾದ ಮರುವರ್ಷವೇ ಬಣಕಲ್‌ನಲ್ಲಿ ಹೆದ್ದಾರಿ ಪಕ್ಕ ಒಂದು ಮಹಡಿ ಮನೆ ಹಿಡಿದೆ. ಕೆಳಗೆ, ಊರವರೆಲ್ಲ ಕಾಕಾ ಅಂತ ಕರೆಯುವವರ ಅಂಗಡಿ. ಕಾಫಿಪುಡಿ, ಜೇನು, ಕಾಳುಮೆಣಸು ಮಾರುತ್ತಾರೆ. ಅವರ ಗಲ್ಲಾದ ಪಕ್ಕದಲ್ಲೇ ನನ್ನ ಕಾರ್ಡುಗಳ ಸ್ಟ್ಯಾಂಡು. ಹೊರನಾಡಿನ ದೇವಸ್ಥಾನಕ್ಕೆ ಹೋಗುವವರು ಚಾ ಕುಡಿಯಲು ಕಾರು ನಿಲ್ಲಿಸಿದರೆ ನಾಲ್ಕು ಕಾರ್ಡು ಹಿಡಿದುಕೊಂಡೇ ಹತ್ತುತ್ತಾರೆ.

ಕೆಲಸ ಕಷ್ಟದ್ದೇನಲ್ಲ, ಆದರೆ ತಾಳ್ಮೆ ಬೇಕು. ನನಗೆ ಮನುಷ್ಯರ ಹತ್ತಿರ ಇಲ್ಲದ ತಾಳ್ಮೆ ರಬ್ಬರ್ ಹಾಳೆಯ ಹತ್ತಿರ ಇದೆ. ಹಾಳೆಯ ಮೇಲೆ ಚಿತ್ರವನ್ನು ಉಲ್ಟಾ ಬರೆದುಕೊಂಡು, ಬೇಡದ ಜಾಗವನ್ನು ಸಣ್ಣ ಉಳಿಯಲ್ಲಿ ಕೆತ್ತಿ ತೆಗೆದು, ಹಿಂದೆ ಒಂದು ಮರದ ತುಂಡು ಅಂಟಿಸಿದರೆ ಅಚ್ಚು. ಹಿಡಿಗೆ ನಾನು ಹಾಕುವುದು ಕಿತ್ತೆಸೆದ ಹಳೇ ಕಾಫಿಗಿಡದ ಬೊಡ್ಡೆ. ಗಟ್ಟಿ ಮರ, ಕೈಗೆ ಒಗ್ಗುತ್ತದೆ. ಕಾಗದ ಗೋಣಿಚೀಲದ ಬಣ್ಣದ್ದು, ದಪ್ಪನೆಯದು. ಅದರ ಮೇಲೆ ಬಿಳಿ ಇಂಕು ಒತ್ತಿದರೆ ಎದ್ದು ಕಾಣುತ್ತದೆ. ಆದರೆ ಬಿಳಿ ಇಂಕು ಬೇಗ ಒಣಗುವುದಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ, ಹಗ್ಗದ ತುಂಬ ಬಟ್ಟೆ ಕ್ಲಿಪ್ಪು, ಒಳಗೆ ಬಂದವರೆಲ್ಲ ತಲೆ ಬಗ್ಗಿಸಿಯೇ ಓಡಾಡಬೇಕು.

ನನ್ನ ಅಚ್ಚುಗಳಲ್ಲೆಲ್ಲ ಹೆಸರು ಮಾಡಿದ್ದು ಕಾಫಿ ಕೊಂಬೆಯದ್ದು. ಅದಕ್ಕೆ ಎರಡು ತುಂಡು. ಒಂದರಲ್ಲಿ ಕೊಂಬೆ, ಎಲೆ, ಗಂಟುಗಂಟಿಗೂ ಬಿಳಿ ಹೂವು. ಇನ್ನೊಂದರಲ್ಲಿ ಬರೀ ಹಣ್ಣು, ಅದಕ್ಕೆ ಕೆಂಪು ಇಂಕು. ಮೊದಲು ಬಿಳಿ, ಆಮೇಲೆ ಮೂಲೆಗೆ ಮೂಲೆ ಕೂಡಿಸಿ ಕೆಂಪು, ಕೊನೆಗೆ ಕೆಳಗೊಂದು 'ಶುಭಾಶಯ'. ಕಂದು ಕಾಗದದ ಮೇಲೆ ಹೂವೂ ಹಣ್ಣೂ ಜೊತೆಯಾಗಿ ಕೂತರೆ, ಆಹಾ, ನನಗೇ ದೃಷ್ಟಿ ತೆಗೆಯಬೇಕು ಅನ್ನಿಸುತ್ತಿತ್ತು. ಬೆಂಗಳೂರಿನವರು, ಮಂಗಳೂರಿನವರು ಯಾರು ಬಂದರೂ ಅದನ್ನೇ ಎತ್ತಿಕೊಳ್ಳುತ್ತಿದ್ದರು.

ಕಳೆದ ವರ್ಷ ಜನವರಿ ಶುರುವಿನಲ್ಲಿ ಒಂದು ಹೋಂಸ್ಟೇಯವರು ಅವರ ಮನೆ ಮದುವೆಗೆ ಮುನ್ನೂರು ಕಾರ್ಡು ಕೇಳಿದರು. ಒಪ್ಪಿಕೊಂಡ ಮೂರನೇ ದಿನಕ್ಕೆ ಕಾಕಾನ ಅಂಗಡಿ ಮೆಟ್ಟಿಲಲ್ಲಿ ಜಾರಿದೆ. ಬಲಗೈ ಮಣಿಕಟ್ಟು ಮುರಿಯಿತು. ಮೂಡಿಗೆರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳೇ ಕಳಸದಲ್ಲಿರುವ ತಂಗಿಗೆ ಫೋನ್ ಮಾಡಿದೆ. "ಹೊರಟು ಬಾ" ಅಂದೆ. ಕೇಳಿಕೊಳ್ಳಲಿಲ್ಲ, ಹೇಳಿದೆ. ಅಕ್ಕಂದಿರಿಗೆ ಆ ಚಾಳಿ ಇರುತ್ತದೆ, ನನಗೆ ಸ್ವಲ್ಪ ಹೆಚ್ಚೇ.

ತಂಗಿಗೆ ಕಳಸದ ಹತ್ತಿರ ನಾಲ್ಕು ಎಕರೆ ರೋಬಸ್ಟಾ ಕಾಫಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನೋಡಿಕೊಳ್ಳುತ್ತಾಳೆ. ಆಳು ಸಿಗುವುದು ಕಷ್ಟ, ಅದಕ್ಕೆ ಅವಳ ಕುಯ್ಲು ನಡೆಯುವುದೆಲ್ಲ ಮುಯ್ಯಿಯ ಮೇಲೆ. ನಮ್ಮ ಕಡೆ ಸಣ್ಣ ತೋಟದವರಲ್ಲಿ ಈಗಲೂ ಇದೆ ಅದು: ನೀನು ನನ್ನ ತೋಟಕ್ಕೆ ನಾಲ್ಕು ದಿನ ಬಂದರೆ ನಾನು ನಿನ್ನ ತೋಟಕ್ಕೆ ನಾಲ್ಕು ದಿನ ಬರಬೇಕು. ದಿನಕ್ಕೆ ದಿನವೇ ಲೆಕ್ಕ, ದುಡ್ಡಿನ ಮಾತಿಲ್ಲ. ಡಿಸೆಂಬರೆಲ್ಲ ಅವಳು ಅಕ್ಕಪಕ್ಕದ ಮನೆಯವರಿಗೆ ಕುಯ್ದು ಕೊಟ್ಟಿದ್ದಳು. ಅವರೆಲ್ಲ ಅವಳ ತೋಟಕ್ಕೆ ಬರಬೇಕಾಗಿದ್ದದ್ದು ಈ ಜನವರಿಯ ದಿನಗಳಲ್ಲೇ. ನಾನು ಕರೆದೆ ಅಂತ ಅವರಿಗೆ "ಸ್ವಲ್ಪ ತಡೀರಿ, ಅಕ್ಕಂಗೆ ಕೈ ಮುರಿದಿದೆ" ಅಂದು ಬಸ್ಸು ಹತ್ತಿದಳು. ಇದು ಆಗ ನನಗೆ ಗೊತ್ತಿರಲಿಲ್ಲ. ಕೇಳಿದ್ದರೆ ತಾನೆ ಗೊತ್ತಾಗುವುದು!

ಹದಿನೈದು ದಿನ ಇದ್ದಳು. ಅಡುಗೆ ಮಾಡಿದಳು, ನನ್ನ ತಲೆ ಬಾಚಿದಳು, ಉಳಿದ ಹೊತ್ತೆಲ್ಲ ಅಚ್ಚು ಒತ್ತಿದಳು. ನಾನು ಎಡಗೈಯಲ್ಲಿ ಕಾಗದ ಹಿಡಿದುಕೊಂಡು ಪಕ್ಕದಲ್ಲಿ ಕೂತು ಒಂದೇ ಸಮನೆ ಬೈಯುತ್ತಿದ್ದೆ. "ಅಷ್ಟು ಅದುಮಬೇಡ, ಇಂಕು ಹರಡುತ್ತೆ." "ಮೂಲೆ ನೋಡು, ಮೂಲೆ." ಎರಡನೇ ದಿನಕ್ಕೇ ಅವಳ ಕೈ ಪಳಗಿತು. ಕೆಂಪು ಅಚ್ಚು ಕೈಗೆ ತಗೊಂಡವಳು ಅದನ್ನು ಹೂವಿನ ಅಚ್ಚಿನ ಪಕ್ಕ ಹಿಡಿದು ನೋಡಿದಳು.

"ಅಕ್ಕ, ಇವೆರಡೂ ಒಟ್ಟಿಗೆ ಬರ್ಬಾರ್ದಲ್ಲ."

"ಚಂದ ಕಾಣುತ್ತೆ, ಒತ್ತು."

"ಅದಲ್ಲ ಅಕ್ಕ, ತೋಟದಲ್ಲಿ..."

"ತೋಟದ ಪಾಠ ನಂಗೆ ಹೇಳ್ಬೇಡ ಮಾರಾಯ್ತಿ. ಇದು ಕಾರ್ಡು. ಒತ್ತು."

ಒತ್ತಿದಳು. ಮುನ್ನೂರು ಸಲ ಒತ್ತಿದಳು.

ಹದಿನೈದನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಮಳೆ ಬಂತು. ಜನವರಿಯಲ್ಲಿ ಯಾರೂ ಕರೆಯದ ಮಳೆ. ಒಂದು ಗಂಟೆ ಜೋರಾಗಿ ಹೊಡೆಯಿತು. ಹಗ್ಗದ ಮೇಲಿನ ಕಾರ್ಡುಗಳಿಗೆ ಎರಚಲು ತಾಗುತ್ತದೆ ಅಂತ ನಾನು ಕೂಗಾಡಿದೆ. ಅವಳು ಎದ್ದು ಕಿಟಕಿ ಮುಚ್ಚಿದಳು, ಮುಚ್ಚಿದ ಕಿಟಕಿಯ ಹತ್ತಿರವೇ ನಿಂತುಬಿಟ್ಟಳು. ತಟ್ಟೆಯ ಅನ್ನ ಆರಿಹೋಯಿತು. ಮಾರನೇ ದಿನ ಮೊದಲ ಬಸ್ಸಿಗೆ ಹೊರಟಳು. ಇದ್ದು ಹೋಗು ಅಂದರೂ ಕೇಳಲಿಲ್ಲ. "ಎಷ್ಟು ಅವಸರವಪ್ಪ ಇವಳಿಗೆ" ಅಂತ ಕಾಕಾನ ಹತ್ತಿರ ದೂರಿದ್ದು ನನಗೆ ಚೆನ್ನಾಗಿ ನೆನಪಿದೆ.

ಪ್ಲಾಸ್ಟರ್ ಬಿಚ್ಚಿದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ತಂಗಿಗೊಂದು ಕಾರ್ಡು. ನನ್ನ ಕೈಯಾರೆ, ನನ್ನ ಅತಿ ಚಂದದ ಅಚ್ಚಿನಲ್ಲಿ, ಹೂವೂ ಹಣ್ಣೂ ಎರಡನ್ನೂ ಒತ್ತಿ. ಒಳಗೆ ಬರೆದೆ: "ನಿನ್ನ ಹದಿನೈದು ದಿನಗಳಿಗೆ ಧನ್ಯವಾದ." ಕೆಳಗೆ "ಶುಭಾಶಯಗಳೊಂದಿಗೆ, ಅಕ್ಕ." ಅಂಚೆಗೆ ಹಾಕಿ ಬಂದು ಬಹಳ ದೊಡ್ಡ ಮನಸ್ಸಿನವಳ ಹಾಗೆ ಕಾಫಿ ಮಾಡಿಕೊಂಡು ಕುಡಿದೆ.

ಆ ವಾರದಿಂದ ಅವಳ ಫೋನ್ ನಿಂತುಹೋಯಿತು. ಎಷ್ಟೋ ವರ್ಷದಿಂದ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬರುತ್ತಿದ್ದ ಫೋನು ಅದು. ಕಾಫಿ ಆಯ್ತಾ, ಕೈ ಹೇಗಿದೆ, ಬಣಕಲ್ಲಲ್ಲಿ ಮಂಜು ಇದೆಯಾ, ಇಷ್ಟೇ ಮಾತು. ನಾನು ಮಾಡಿದರೆ ಎತ್ತುತ್ತಿದ್ದಳು. "ಹೂಂ. ಆಯ್ತು. ಕೆಲ್ಸ ಇದೆ, ಇಡ್ತೀನಿ." ಇದು ಮಳೆಗಾಲ ಪೂರ್ತಿ ನಡೆಯಿತು. ನನಗೂ ಸಿಟ್ಟು ಬಂತು. ಇಷ್ಟು ಚಂದದ ಕಾರ್ಡು ಕಳಿಸಿದ್ದಕ್ಕೆ ಒಂದು ಮಾತಿಲ್ಲ, ಎಂಥ ಬಿಗುಮಾನ ಇವಳದ್ದು ಅಂದುಕೊಂಡೆ. ಆದರೆ ಬೆಳಿಗ್ಗೆ ಏಳಕ್ಕೆ ಫೋನ್ ಕಡೆ ಕಣ್ಣು ಹೋಗುವುದನ್ನು ನಿಲ್ಲಿಸಲು ನನ್ನಿಂದ ಆಗಲಿಲ್ಲ. ಇರುವವಳೊಬ್ಬಳು ತಂಗಿ. ಅವಳನ್ನು ಕಳೆದುಕೊಳ್ಳುತ್ತಿದ್ದೇನೆ ಅಂತ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ.

ಗೊತ್ತುಮಾಡಿದವರು ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು. ಅದೇ ವರ್ಷ ಡಿಸೆಂಬರಿನಲ್ಲಿ ಬಸ್ಸಿಗೆ ಕಾಯುತ್ತ ಕಾಕಾನ ಅಂಗಡಿಯಲ್ಲಿ ಕೂತಿದ್ದರು. ವಯಸ್ಸಾದವರು. ಸ್ಟ್ಯಾಂಡಿನಿಂದ ಕಾಫಿ ಕೊಂಬೆಯ ಕಾರ್ಡು ಎತ್ತಿ, ಕನ್ನಡಕ ಹಣೆಗೆ ಏರಿಸಿ ನೋಡಿದರು.

"ಇದು ಯಾರ ತೋಟದ್ದು? ಪಾಪ."

"ಯಾರದ್ದೂ ಅಲ್ಲ, ನನ್ನ ತಲೆಯದ್ದು" ಅಂದೆ. "ಪಾಪ ಯಾಕೆ?"

"ಅಲ್ಲ ಮಾರಾಯ್ರೇ, ಹಣ್ಣು ಗಿಡದಲ್ಲೇ ಇರುವಾಗ ಹೂವು ಬಂದ್ರೆ ಬೆಳೆಗಾರ ಸತ್ತ ಹಾಗೇ. ಹಣ್ಣು ಕುಯ್ಯೋಕೆ ಕೈ ಹಾಕಿದ್ರೆ ಹೂವು ಉದುರ್ತದೆ. ಹೂವು ಉಳೀಲಿ ಅಂತ ಬಿಟ್ರೆ ಹಣ್ಣು ನೆಲಕ್ಕೆ. ಈ ವರ್ಷದ್ದೂ ಹೋಯ್ತು, ಬರೋ ವರ್ಷದ್ದೂ ಹೋಯ್ತು. ಹೋದ ಜನವರಿ ಮಳೆಗೆ ಗಿಡವೆಲ್ಲ ಹೂವಾಗಿ, ಕುಯ್ಲು ಮುಗಿಸದೇ ಇದ್ದವರಿಗೆಲ್ಲ ಇದೇ ಗತಿ. ಅದರ ಮೇಲೆ ನೀವು 'ಶುಭಾಶಯ' ಅಂತ ಬೇರೆ ಹಾಕಿದೀರಲ್ಲ!"

"ಬೇಕಿದ್ರೆ ತಗೊಳ್ಳಿ, ಬೇಡದಿದ್ರೆ ಇಟ್ಟು ಹೋಗಿ" ಅಂದೆ. ನನ್ನ ಬಾಯಿ ಹಾಗೆ, ತಲೆಗಿಂತ ಮುಂದೆ ಓಡುತ್ತದೆ. ಮೆಟ್ಟಿಲು ಹತ್ತತೊಡಗಿದೆ. ಅರ್ಧಕ್ಕೆ ಬಂದವಳು ಅಲ್ಲೇ ಕೂತುಬಿಟ್ಟೆ. ಕುಯ್ಲು ಮುಗಿಸದೇ ಇದ್ದವರು. ಮುಚ್ಚಿದ ಕಿಟಕಿ. ಆರಿದ ಅನ್ನ. ಇವೆರಡೂ ಒಟ್ಟಿಗೆ ಬರ್ಬಾರ್ದಲ್ಲ ಅಕ್ಕ. ಕಾಫಿ ತೋಟದಲ್ಲೇ ಹುಟ್ಟಿ ಬೆಳೆದವಳು ನಾನು, ಅಪ್ಪ ಇಂಥ ಮಳೆಗೆ ತಲೆ ಮೇಲೆ ಕೈ ಹೊತ್ತು ಕೂತಿದ್ದನ್ನು ಕಣ್ಣಾರೆ ನೋಡಿದವಳು. ಮೂವತ್ತು ವರ್ಷದ ಪೇಟೆ ವಾಸದಲ್ಲಿ, ಕಾರಿನಿಂದ ಇಳಿದವರ ಹೊಗಳಿಕೆಯಲ್ಲಿ ಅದನ್ನೆಲ್ಲ ತೊಳೆದುಕೊಂಡುಬಿಟ್ಟಿದ್ದೆ. ನಾಚಿಕೆಯಿಂದ ಮುಖ ಉರಿಯಿತು. ಕಾಕಾ ಬಂದು "ಟೀಚರೇ, ಮತ್ತೆ ಬಿದ್ರಾ?" ಅಂದರು. ಹೌದು, ಬಿದ್ದೆ ಅಂದೆ.

ಜನವರಿ ಹತ್ತಿರವಾದಾಗ ಕೊಟ್ಟಿಗೆಹಾರದಲ್ಲಿ ಕಳಸದ ಬಸ್ಸು ಹಿಡಿದೆ. ಫೋನ್ ಮಾಡಿ ಹೇಳಲಿಲ್ಲ, ಹೇಳಿದ್ದರೆ ಬೇಡ ಅನ್ನುತ್ತಿದ್ದಳು. ತಂಗಿ ಅಂಗಳದಲ್ಲಿ ಚೀಲಗಳಿಗೆ ತೇಪೆ ಹಾಕುತ್ತ ಕೂತಿದ್ದಳು. ನನ್ನನ್ನು ನೋಡಿದಳು, ಸೂಜಿ ನಿಲ್ಲಿಸಲಿಲ್ಲ.

"ಕಾರ್ಡು ಎಲ್ಲಿ?" ಅಂದೆ. ಬೇರೆ ಹೇಗೆ ಶುರುಮಾಡಬೇಕು ಅಂತ ತಿಳಿಯಲಿಲ್ಲ.

"ಬಂದ ದಿನಾನೇ ಒಲೆಗೆ ಹಾಕ್ದೆ. ದಪ್ಪ ಕಾಗದ, ಚೆನ್ನಾಗಿ ಉರೀತು."

"ಒಳ್ಳೇದು ಮಾಡ್ದೆ."

ಅವಳು ಆಗ ತಲೆಯೆತ್ತಿದಳು. ಕಣ್ಣು ತುಂಬಿತ್ತು, ಸಿಟ್ಟೂ ಇತ್ತು. "ಬೆಳ್ಳಗೆ ಹೂವಾಗಿತ್ತು ಅಕ್ಕ ತೋಟ. ಒಳಗೆ ಕಾಲಿಡೋ ಹಾಗಿರ್ಲಿಲ್ಲ. ದಿನಾ ಬೇಲಿ ಹತ್ರ ನಿಂತು ಹಣ್ಣು ಉದುರೋದು ನೋಡ್ದೆ. ಅಷ್ಟರಲ್ಲಿ ನಿನ್ನ ಕಾರ್ಡು ಬಂತು. ನನ್ನ ತೋಟವನ್ನೇ ಬರೆದು, ಮೇಲೆ ಶುಭಾಶಯ! ಮಳೆ ಬಂತು, ಅದಕ್ಕೆ ನೀನೇನು ಮಾಡ್ತೀಯ. ಆದ್ರೆ ನಾನು ಬಾಯಿಬಿಟ್ಟು ಹೇಳಿದ್ದೆ. ನೀನು ಕೇಳ್ಲಿಲ್ಲ."

"ಕೇಳ್ಲಿಲ್ಲ. ತಪ್ಪು ನಂದೇ" ಅಂದೆ. ಜೀವಮಾನದಲ್ಲಿ ಆ ಮಾತನ್ನು ನಾನು ಅವಳಿಗೆ ಹೇಳಿದ್ದು ಅದೇ ಮೊದಲು. "ಏನು ಮಾಡ್ಲಿ ಹೇಳು."

"ನಿನ್ನ ಧನ್ಯವಾದ ಯಾರಿಗೆ ಬೇಕು? ನಾನು ನಿನ್ನ ಕೆಲ್ಸಕ್ಕೆ ಹದಿನೈದು ದಿನ ಬಂದೆ. ನೀನು ಬಾ. ಮುಯ್ಯಿ ತೀರ್ಸು."

ಮಾರನೇ ಬೆಳಿಗ್ಗೆಯಿಂದಲೇ ಶುರು. ಗಿಡದ ಬುಡಕ್ಕೆ ಟಾರ್ಪಾಲು ಹಾಸಿ, ಕೊಂಬೆ ಬಗ್ಗಿಸಿ, ಹಣ್ಣು ಬಿಡಿಸಬೇಕು. ಹೋದ ಸಲದ ಹೂವು ಮುಕ್ಕಾಲು ಹಾಳಾಗಿದ್ದು ಗಿಡ ನೋಡಿದರೇ ತಿಳಿಯುತ್ತಿತ್ತು. ಗೊಂಚಲು ಇರಬೇಕಾದ ಕಡೆ ನಾಲ್ಕು ಹಣ್ಣು, ಐದು ಹಣ್ಣು. ಒಂದೊಂದು ಖಾಲಿ ಗಂಟು ಬೆರಳಿಗೆ ಸಿಕ್ಕಾಗಲೂ ನನಗೆ ಆ ಮುನ್ನೂರು ಕಾರ್ಡು ನೆನಪಾಗುತ್ತಿತ್ತು. ಚಗಳಿ ಇರುವೆ ಕುತ್ತಿಗೆಯೊಳಗೆ ಇಳಿದು ಕಚ್ಚಿತು. ಮುರಿದು ಕೂಡಿದ ಮಣಿಕಟ್ಟು ಸಂಜೆಗೆ ಊದಿತು. ಮುಯ್ಯಿಗೆ ಬಂದಿದ್ದ ಪಕ್ಕದ ಮನೆಯ ಹೆಂಗಸರು "ಟೀಚರಮ್ಮ ಹಣ್ಣು ಕುಯ್ತಾರೋ, ಎಣಿಸ್ತಾರೋ" ಅಂತ ನಗಾಡಿದರು. ತಂಗಿ ನಗಲಿಲ್ಲ. ಪಕ್ಕದಲ್ಲೇ ನಿಂತು, "ಕೊಂಬೆ ಅಷ್ಟು ಎಳೀಬೇಡ, ಸಿಗಿದು ಹೋಗುತ್ತೆ. ಗಂಟು ನೋಡು, ಗಂಟು" ಅಂತ ಒಂದೇ ಸಮನೆ ಬೈದಳು. ಬೈಸಿಕೊಂಡೆ. ನಾನು ಕಲಿಸಿದ್ದೇ ಅದು. ಐದನೇ ದಿನಕ್ಕೆ ನನ್ನ ಕೈಯೂ ಪಳಗಿತು, ಆ ಹೆಂಗಸರ ಸಮಕ್ಕೆ ಅಲ್ಲದಿದ್ದರೂ ಬುಟ್ಟಿ ತುಂಬಿಸಿದೆ. ಅದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಹದಿನಾಲ್ಕನೇ ದಿನ ಕೊನೇ ಗಿಡ ಮುಗಿಯಿತು. ಆಕಾಶ ತಿಳಿಯಾಗಿತ್ತು. ಹಣ್ಣೆಲ್ಲ ಕಣಕ್ಕೆ ಬಂದು ಬಿದ್ದಿತ್ತು. ಮಾರನೇ ದಿನ ಕಣದಲ್ಲಿ ಹಣ್ಣು ಹರಡಲು ಬರುತ್ತೇನೆ ಅಂದರೆ ತಂಗಿ ನನ್ನ ಚೀಲ ತಂದು ಜಗಲಿಯ ಮೇಲಿಟ್ಟಳು.

"ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡು."

"ಇನ್ನೂ ಒಂದು ದಿನ ಇದೆ. ಬಾಕಿ ಇಟ್ಕೊಳ್ಳೋ ಜಾತಿಯೋಳಲ್ಲ ನಾನು."

"ಇಟ್ಕೋ" ಅಂದಳು. "ಪಕ್ಕದ ಮನೆಯವ್ರದ್ದು ನಮ್ಮದು ಅಪ್ಪನ ಕಾಲದಿಂದ ಯಾವತ್ತೂ ಸಮ ಆಗಿಲ್ಲ. ಯಾರದ್ದಾದ್ರೂ ಒಂದು ದಿನ ಉಳಿದೇ ಇರುತ್ತೆ. ಅದಕ್ಕೇ ಅವ್ರು ಇನ್ನೂ ಬರ್ತಾರೆ."

ನಾನು ಚೀಲ ತಗೊಂಡೆ.

ಮಾರ್ಚಿನಲ್ಲಿ ಕಾಫಿ ಅರಳಿಸುವ ಹೂವಿನ ಮಳೆ ಬಂತು, ಬರಬೇಕಾದ ಹೊತ್ತಿಗೆ, ಖಾಲಿ ಗಿಡಗಳ ಮೇಲೆ. ಬಣಕಲ್ ತುಂಬ ವಾಸನೆ. ನಾನು ಕೆಂಪು ಇಂಕಿನ ಮುಚ್ಚಳ ತೆಗೆಯಲೇ ಇಲ್ಲ. ಬಿಳಿಯ ಅಚ್ಚೊಂದನ್ನೇ ಒತ್ತಿದೆ. ಕಂದು ಕಾಗದದ ಮೇಲೆ ಬರೀ ಹೂವು. ಇಷ್ಟು ವರ್ಷದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಕಾರ್ಡು ಅದು, ಯಾರು ಏನೇ ಅನ್ನಲಿ. ಒಳಗೆ ಧನ್ಯವಾದವನ್ನೂ ಬರೆಯಲಿಲ್ಲ, ಶುಭಾಶಯವನ್ನೂ ಬರೆಯಲಿಲ್ಲ. "ಒಂದು ದಿನ ಬಾಕಿ ಇದೆ" ಅಂತ ಬರೆದು ಅಂಚೆಗೆ ಹಾಕಿದೆ.

ನಾಲ್ಕನೇ ದಿನ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಫೋನ್ ಬಂತು.

"ಒಲೆಗೆ ಹಾಕಿದ್ಯಾ?" ಅಂದೆ.

"ಇಲ್ಲ, ಗೋಡೆಗೆ ಅಂಟಿಸಿದೀನಿ" ಅಂದಳು ತಂಗಿ. "ಯಾವಾಗ ಬರ್ತೀಯ?"