ಡಾಕ್ಟರ ಒಂದು ದಿನದ ಹೊಟ್ಟೆನೋವು

"ಸರ್, ನೋವು ಶುರುವಾಗಿ ಎಷ್ಟು ದಿನ ಆಯ್ತು?" ಮಲೇಷ್ಯಾದ ನಿಲಾಯ್ ಸಮೀಪದ ಆಸ್ಪತ್ರೆಯಲ್ಲಿ ಪೆನ್ನು ಹಿಡಿದು ನಿಂತಿದ್ದ ದಾವಣಗೆರೆಯ ವೈದ್ಯ ವಿದ್ಯಾರ್ಥಿನಿ ಕೇಳಿದಳು. ಮಂಚದ ಮೇಲೆ ಅಪೆಂಡಿಸೈಟಿಸ್‌ನಿಂದ ನರಳುತ್ತಿದ್ದವರು ನನ್ನ ಗಂಡ. ಅವಳ ಕಾಲೇಜಿನಲ್ಲಿ ಅದೇ ಕಾಯಿಲೆಯ ಪಾಠ ಮಾಡುವ ಉಡುಪಿಯ ಡಾಕ್ಟರು ಅವರೇ.

"ಒಂದೇ ದಿನ," ಎಂದರು.

ಅವಳು ಬರೆದುಕೊಳ್ಳಲಿಲ್ಲ. "ಪೇಷಂಟ್ ಹೇಳಿದ ದಿನಾನ ಡಬಲ್ ಮಾಡ್ಕೊಳ್ಳಿ ಅಂತ ಕ್ಲಾಸಲ್ಲಿ ನೀವೇ ಹೇಳಿದ್ರಲ್ಲ ಸರ್. ಎರಡು ಅಂತ ಬರೀಲಾ?"

ಗಂಡ ನನ್ನತ್ತ ನೋಡಿ ಕಣ್ಣು ತಪ್ಪಿಸಿದರು. "ಮೂರು ಬರಿ ಮಾರಾಯ್ತಿ. ಬೀದಿಬದಿಯ ಮಮಕ್ ಹೋಟೆಲಿನಲ್ಲಿ ತಿಂದು ಗ್ಯಾಸ್ಟ್ರಿಕ್ ಆಯ್ತು ಅಂತ ಮಾತ್ರೆ ನುಂಗಿಕೊಂಡಿದ್ದೆ. ಶುಗರ್ ಉಂಟು, ಅದನ್ನೂ ಬರಿ."

"ಮೂರು ದಿನವಾ? ನನಗೂ ಹೇಳಲಿಲ್ಲವಲ್ಲ!" ಎಂದೆ. ಅವರಿಗೆ ನಗು ಬಂತು, ನಕ್ಕಿದ್ದಕ್ಕೆ ನೋವು ಇನ್ನೂ ಹೆಚ್ಚಾಯಿತು.

ಅವಳು ಬರೆದದ್ದನ್ನು ಓದಿದ ಸರ್ಜನ್ ಗಂಭೀರರಾದರು. ತಡವಾದಷ್ಟೂ ಅಪೆಂಡಿಕ್ಸ್ ಒಡೆದಿರುವ ಸಂಭವ ಹೆಚ್ಚು, ಒಡೆದಿದ್ದರೆ ಆಪರೇಷನ್ ನಂತರ ಹೊಟ್ಟೆಯೊಳಗೆ ಕೀವು ತುಂಬಬಹುದು, ಸಕ್ಕರೆ ಕಾಯಿಲೆಯಿದ್ದರೆ ಗಾಯ ಮಾಯುವುದೂ ನಿಧಾನ ಎಂದು ನನಗೆ ವಿವರಿಸಿದರು. ಅಪೆಂಡಿಕ್ಸ್ ನಿಜಕ್ಕೂ ಒಡೆದಿತ್ತು. ಆದರೆ ಸರ್ಜನ್ ಅದಕ್ಕೆ ಸಿದ್ಧರಾಗಿಯೇ ಆಪರೇಷನ್‌ಗೆ ಹೋಗಿದ್ದರು. ಆ್ಯಂಟಿಬಯೋಟಿಕ್ ಮುಂದುವರಿಸಿ, ಸಕ್ಕರೆಯ ಮಟ್ಟದ ಮೇಲೆ ಕಣ್ಣಿಟ್ಟು, ಆರನೇ ದಿನ ಮನೆಗೆ ಕಳುಹಿಸಿದರು. ಗಾಯಕ್ಕೆ ಸೋಂಕು ತಗಲಲಿಲ್ಲ.

ರೋಗಿಯ ಹೆಸರು ಹೇಳಬಾರದೆಂಬುದು ನನ್ನ ಗಂಡನ ವೃತ್ತಿಯ ನಿಯಮ. ಈಗ ಅಪೆಂಡಿಸೈಟಿಸ್ ಪಾಠ ಮಾಡುವಾಗ ಮಾತ್ರ, ಮೂರು ದಿನ ಬಾಯಿಬಿಡದ ಆ ರೋಗಿ ಯಾರೆಂದು ಇಡೀ ತರಗತಿಗೆ ತಾವೇ ಹೇಳಿಬಿಡುತ್ತಾರೆ.