ಬರ್ತೀನಿ ಅಂದು ಬಂದವಳು

ಸ್ಪ್ಯಾನಿಷ್ ಮಾತಾಡುವ ಗಿರಾಕಿಗಳ ಕೆಲಸ ಹಿಡಿದಿದ್ದ ಹೈದರಾಬಾದಿನ ನಮ್ಮ ಕಂಪನಿ ನನ್ನನ್ನು ಮೆಕ್ಸಿಕೋಗೆ ಕಳಿಸಿತು. ನನ್ನನ್ನು ಬಿಟ್ಟು ಇನ್ಯಾರನ್ನು ಕಳಿಸುತ್ತಾರೆ ಎಂಬ ಜಂಬ ನನಗೆ. ಮಿಯಾಪುರದ ನಮ್ಮ ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ತೆಲುಗು, ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಚೌಕಾಸಿಗೆ ಹಿಂದಿ. ಪುಸ್ತಕದ ಸ್ಪ್ಯಾನಿಷ್ ಹೇಗೂ ಕಲಿತಿದ್ದೆ. ದಿನಬಳಕೆಯ ಮಾತೂ ಬಾಯಿಗೆ ಹತ್ತಲಿ ಎಂದು ಆರು ತಿಂಗಳು ಅಲ್ಲಿಯ ಒಂದು ಮನೆಯಲ್ಲೇ ಉಳಿಯುವ ಏರ್ಪಾಟಾಗಿತ್ತು.

ಆ ಮನೆಯಲ್ಲಿ ಇದ್ದವರು ಇಬ್ಬರೇ. ಶಾಲೆಯಲ್ಲಿ ಪಾಠ ಹೇಳುವ ಮನೆಯೊಡತಿ, ಮತ್ತು ಅವರ ತಾಯಿ. ಆ ಅಜ್ಜಿಗೆ ಮರೆವು ಶುರುವಾಗಿತ್ತು. ಒಲೆಯ ಮೇಲೆ ಹಾಲಿಟ್ಟದ್ದು ಮರೆಯುತ್ತಿದ್ದರು, ನಾನು ಯಾವ ದೇಶದವಳೆಂಬುದನ್ನು ಪದೇಪದೇ ಕೇಳುತ್ತಿದ್ದರು. ಆದರೆ ಆಡುಮಾತಿನಲ್ಲಿ ಒಂದಿಷ್ಟೂ ತಪ್ಪುತ್ತಿರಲಿಲ್ಲ. ಯಾರಾದರೂ ಉಣ್ಣುತ್ತಿದ್ದರೆ ಹಾದುಹೋಗುವಾಗ ‘ಪ್ರೊವೆಚೊ’ ಅನ್ನಬೇಕು, ಸೀನಿದರೆ ‘ಸಲೂದ್’ ಅನ್ನಬೇಕು. ನಾನು ಮರೆತರೆ ಚಮಚದಿಂದ ಮೇಜು ಕುಟ್ಟಿ ಹೇಳಿಸುತ್ತಿದ್ದರು. ನನ್ನ ಸ್ಪ್ಯಾನಿಷ್ ಬಹುಪಾಲು ಆ ಚಮಚದ್ದೇ.

ಒಂದು ಮಾತು ಮಾತ್ರ ನಾನು ಕಲಿಯಲಿಲ್ಲ. ಮೊದಲ ದಿನ ಆಫೀಸಿಗೆ ಹೊರಟಾಗ ‘ಮೆ ವೊಯ್’ ಅನ್ನಬೇಕಿತ್ತು. ಅಂದರೆ ಹೋಗುತ್ತೇನೆ. ನನ್ನ ಬಾಯಿಗೆ ಅದು ಬರಲೇ ಇಲ್ಲ. ಮಗ್ಗುಲ ಊರಿಗೆ ಹೊರಟವರು ‘ಹೋಗ್ತೀನಿ’ ಅಂದರೂ ನಮ್ಮವ್ವ ಬಿಡುವವಳಲ್ಲ. “ಎಲ್ಲಿಗೆ ಹೋಗಾಕಿ? ಒಳಗ ಬಾ, ಕೂತು ನೀರ ಕುಡಿ. ಆಮ್ಯಾಲ ಬರ್ತೀನಿ ಅಂದು ಹೊಂಡು” ಅನ್ನುತ್ತಿದ್ದಳು. ತರಕಾರಿಯವಳಿಗೆ ತೆಲುಗಿನಲ್ಲಿ ನಾವು ಹೇಳುವುದೂ ‘ವಸ್ತಾ’, ಬರ್ತೀನಿ ಎಂದೇ. ಲೋಕವೆಲ್ಲ ಹೀಗೇ ಇದ್ದೀತೆಂದು ‘ಆಓರಿತಾ ವೆಂಗೊ’ ಅಂದೆ. ಈಗ ಬರ್ತೀನಿ.

ಬಾಗಿಲ ಬಳಿ ಕೂತಿದ್ದ ಅಜ್ಜಿ, “ಇಲ್ಲೇ ಕಾಯ್ತಿರ್ತೀನಿ” ಅಂದರು.

ಸಂಜೆ ಬಂದರೆ ನಿಜಕ್ಕೂ ಕಾಯುತ್ತಿದ್ದರು! ಮಧ್ಯಾಹ್ನವೇ ತಟ್ಟೆಗೆ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿಟ್ಟಿದ್ದರು. ಮನೆಯೊಡತಿ ನಕ್ಕು, ‘ಈಗ ಬರ್ತೀನಿ’ ಎಂದು ಮೂಲೆ ಅಂಗಡಿಗೆ ಹೋಗುವಾಗ ಹೇಳುತ್ತಾರೆ, ಆಫೀಸಿಗೆ ಹೋಗುವಾಗ ಅಲ್ಲ ಎಂದು ತಿದ್ದಿದರು. ನಾನು ದೊಡ್ಡದಾಗಿ, ನಮ್ಮಲ್ಲಿ ಹೀಗೇ ಹೇಳುವುದು ಶುಭ ಎಂದು ಉಪನ್ಯಾಸ ಕೊಟ್ಟೆ. ತಿದ್ದಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ, ಯಾರೋ ನನಗಾಗಿ ಬಾಗಿಲಲ್ಲಿ ಕೂತಿರುವುದು ನನಗೆ ಹಿತವಾಗಿತ್ತು. ದಿನಾ ಅದೇ ಮಾತು, ಅದೇ ಉತ್ತರ.

ಕೊನೆಯ ದಿನ ಪೆಟ್ಟಿಗೆಗಳು ಕಾರಿಗೇರಿದವು. ಮನೆಯೊಡತಿ ತಬ್ಬಿಕೊಂಡು ಕಣ್ಣೊರೆಸಿಕೊಂಡರು. ಅಜ್ಜಿಯ ಕೈ ಹಿಡಿದಾಗ ಹೇಳಬೇಕಾದ ಮಾತು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೇಳಿದ್ದು ‘ಆಓರಿತಾ ವೆಂಗೊ’. ಅವರು ಅಂದಿದ್ದೂ ಅದೇ, ಇಲ್ಲೇ ಕಾಯ್ತಿರ್ತೀನಿ.

ಹೈದರಾಬಾದಿಗೆ ಮರಳಿ ಕೆಲವು ವಾರಗಳಾಗಿದ್ದವು. ಬೆಳಿಗ್ಗೆ ಕಂಪನಿ ಬಸ್ಸಿಗೆ ಹೊರಡುವ ಹೊತ್ತಿಗೆ ಫೋನ್ ಬಂತು. ಅಲ್ಲಿ ಹಿಂದಿನ ದಿನದ ಸಂಜೆ. ಮನೆಯೊಡತಿಯ ದನಿ ಸೋತಿತ್ತು. ಅಮ್ಮ ದಿನಾ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕೂರುತ್ತಾಳೆ. ನಿನ್ನ ತಟ್ಟೆ ಮುಚ್ಚಿಡುತ್ತಾಳೆ. ನೀನು ಬರುವವರೆಗೆ ಉಣ್ಣುವುದಿಲ್ಲ ಎಂದು ಹಟ ಹಿಡಿಯುತ್ತಾಳೆ, ಇಳಿದುಹೋಗಿದ್ದಾಳೆ. ನಾನು ಎಷ್ಟು ಹೇಳಿದರೂ ನಂಬುವುದಿಲ್ಲ. ನೀನೇ ಹೇಳು, ಹೋಗಿಬಿಟ್ಟೆ, ಇನ್ನು ಬರುವುದಿಲ್ಲ ಅಂತ.

ನನಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಶುಭ ಎಂದು ನಾನು ಆಡಿದ ಮಾತಿಗೆ ಒಬ್ಬ ಮುದುಕಿ ಉಪವಾಸ ಕೂತಿದ್ದರು. ಅವ್ವ ಡಬ್ಬಿ ಕಟ್ಟುತ್ತ ಅಡುಗೆಮನೆಯಿಂದ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಸ್ಪ್ಯಾನಿಷ್ ತಿಳಿಯದು, ಆದರೂ ಅವಳೆದುರು ಆ ಮಾತಾಡಲು ಹೆದರಿ ಗೋಡೆಗೆ ಮುಖ ತಿರುಗಿಸಿದೆ.

ಅಜ್ಜಿ ಫೋನ್ ತೆಗೆದುಕೊಂಡರು.

“ಅಜ್ಜಿ, ನಾನು ಹೋಗಿಬಿಟ್ಟೆ. ನಮ್ಮ ಊರಿನಲ್ಲಿದ್ದೀನಿ. ಬರೋದಿಲ್ಲ. ನೀವು ಊಟ ಮಾಡಿ.”

ಕ್ಷಮಿಸಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಮಾತಾಡಿದರು. ಗುರುತಿಲ್ಲದವರೊಡನೆ ಆಡುವ ಮರ್ಯಾದೆಯ ದನಿಯಲ್ಲಿ.

“ನೋಡಿ ತಾಯಿ, ದಯವಿಟ್ಟು ಲೈನ್ ಬಿಡಿ. ನಮ್ಮನೆ ಹುಡುಗಿ ಈಗ ಬರ್ತೀನಿ ಅಂತ ಹೇಳಿ ಹೊರಗೆ ಹೋಗಿದ್ದಾಳೆ. ತಡವಾದರೆ ಫೋನ್ ಮಾಡ್ತಾಳೆ.”

ಫೋನ್ ಕೆಳಗಿಟ್ಟ ಸದ್ದು ಕೇಳಿತು. ಇನ್ನೊಮ್ಮೆ ನಂಬರ್ ಒತ್ತಲು ನನಗೆ ಮುಖವಿರಲಿಲ್ಲ. ಕೆಳಗೆ ಕಂಪನಿ ಬಸ್ಸು ಹಾರ್ನ್ ಹೊಡೆಯಿತು. ಬ್ಯಾಗ್ ಎತ್ತಿಕೊಂಡು ಚಪ್ಪಲಿ ಮೆಟ್ಟಿದೆ.

ಡಬ್ಬಿ ಹಿಡಿದು ಬಾಗಿಲಿಗೆ ಬಂದ ಅವ್ವ, “ಯಾಕ ಸುಮ್ಮನ ಹೊಂಟಿ? ಬರ್ತೀನಿ ಅನ್ನು” ಅಂದಳು.

ತಲೆ ಎತ್ತದೆ, ಬರ್ತೀನಿ ಅಂದೆ.